ಮಕ್ಕಳ ಖರ್ಚು: ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು

ಕೋಲಾರದ ನಮ್ಮ ಮನೆಯಲ್ಲಿ ಅಡುಗೆಮನೆ ಬಾಗಿಲ ಪಕ್ಕ ಒಂದು ಕ್ಯಾಲೆಂಡರ್ ತೂಗುಹಾಕಿದೆ. ಹಾಲು ಎಷ್ಟು ತಗೊಂಡೆವು, ಸಿಲಿಂಡರ್ ಯಾವತ್ತು ಹಾಕಿದ್ದು ಅಂತ ಬರೆಯುವುದಕ್ಕೆ. ಮೊದಲ ಮಗಳು ಹುಟ್ಟಿದ ವರ್ಷ, ಇಪ್ಪತ್ತನೇ ತಾರೀಕಿಗೇ ಕೈ ಖಾಲಿಯಾಗುತ್ತಿತ್ತು. ಯಾಕೆ ಅಂತ ತಿಳಿಯಲಿಲ್ಲ. ಆಗ ಮಗುವಿಗೆ ಅಂತ ಮಾಡಿದ ಖರ್ಚನ್ನೂ ಅದೇ ಕ್ಯಾಲೆಂಡರ್‌ನಲ್ಲಿ ಬರೆಯತೊಡಗಿದೆ. ತಿಂಗಳು ಮುಗಿದಾಗ ವಿಷಯ ಕಣ್ಣಿಗೆ ಬಿತ್ತು. ಜಾಸ್ತಿ ದುಡ್ಡು ಹೋಗಿದ್ದು ಊಟಕ್ಕಲ್ಲ, ಔಷಧಿಗೂ ಅಲ್ಲ. ಡೈಪರ್, ಡಬ್ಬದ ಪುಡಿ, ಎರಡು ಸಲ ಹಾಕುವಷ್ಟರಲ್ಲಿ ಬಿಗಿಯಾದ ಫ್ರಾಕ್. ಇವಕ್ಕೇ ಹೋಗಿತ್ತು.

ಮೊದಲು ಒಂದು ತಿಂಗಳ ಲೆಕ್ಕ ಬರೆಯಿರಿ

ನೀವೂ ಇಲ್ಲಿಂದಲೇ ಶುರು ಮಾಡಿ. ಒಂದು ತಿಂಗಳು ಏನನ್ನೂ ಕಡಿಮೆ ಮಾಡಬೇಡಿ, ಬರೀ ಬರೆಯಿರಿ. ಆಮೇಲೆ ಒಂದೊಂದು ಖರ್ಚಿನ ಮುಂದೆ ಗುರುತು ಹಾಕಿ. ಇದು ಮಗುವಿನ ಮೈಗೆ ಹತ್ತುವ ಖರ್ಚೋ, ಮೈಗೆ ಚಿಕ್ಕದಾಗುವ ಖರ್ಚೋ? ಊಟ, ಕುಡಿಯುವ ನೀರು, ಲಸಿಕೆ, ಓದು ಮೈಗೆ ಹತ್ತುತ್ತವೆ. ಬಟ್ಟೆ, ಶೂ, ತೊಟ್ಟಿಲು, ಆಟದ ಸಾಮಾನು ಚಿಕ್ಕದಾಗುತ್ತವೆ. ಕೈ ಹಿಡಿಯಬೇಕಾದ್ದು ಎರಡನೆಯದರಲ್ಲಿ ಮಾತ್ರ. ಮೊದಲನೆಯದರಲ್ಲಿ ಹಿಡಿದರೆ ಆಮೇಲೆ ಅದರ ಎರಡರಷ್ಟು ಆಸ್ಪತ್ರೆಗೆ ಕೊಡಬೇಕಾಗುತ್ತದೆ.

ಹಗಲಿಗೆ ಬಟ್ಟೆ, ರಾತ್ರಿಗೆ ಡೈಪರ್

ಒಂದು ಡೈಪರ್‌ಗೆ ಹತ್ತು ರೂಪಾಯಿ ಅಂದುಕೊಳ್ಳಿ. ದಿನಕ್ಕೆ ಐದಾದರೆ ತಿಂಗಳಿಗೆ 1,500 ರೂಪಾಯಿ. ರಾತ್ರಿ ಒಂದು ಮಾತ್ರ ಹಾಕಿದರೆ 300. ತಿಂಗಳಿಗೆ 1,200 ಉಳಿಯಿತು ಅಲ್ವಾ? ಒಂದೂವರೆ ವರ್ಷಕ್ಕೆ ಲೆಕ್ಕ ಹಾಕಿದರೆ 21,600. ಪೂರ್ತಿ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಬಾಣಂತಿಗೆ ರಾತ್ರಿ ನಿದ್ದೆ ಬೇಕು, ಆ 300 ರೂಪಾಯಿ ದಂಡವಲ್ಲ.

ಬಟ್ಟೆಗೆ ಹಳೇ ಕಾಟನ್ ಸೀರೆ ಅಥವಾ ಪಂಚೆ ತಗೊಳ್ಳಿ. ಒಗೆದು ಒಗೆದು ಮೆತ್ತಗಾದದ್ದೇ ಒಳ್ಳೆಯದು. ಒಂದು ಸೀರೆಯನ್ನು ಎರಡು ಅಡಿಗಿಂತ ಸ್ವಲ್ಪ ಚಿಕ್ಕ ಚೌಕಗಳಾಗಿ ಕತ್ತರಿಸಿದರೆ ಸುಮಾರು ಹದಿನೆಂಟು ಬರುತ್ತವೆ. ಎರಡು ಸೀರೆ ಇದ್ದರೆ ಮಳೆಗಾಲಕ್ಕೂ ಸಾಕು. ಅಂಚನ್ನು ಮಡಚಿ ಹೊಲಿಯುವುದನ್ನು ಮಾತ್ರ ಬಿಡಬೇಡಿ. ಬಿಚ್ಚಿಕೊಂಡ ದಾರದ ಎಳೆ ಮಗುವಿನ ಕಾಲ್ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಡದೆ ಬೆರಳು ಊದಿಕೊಳ್ಳುತ್ತದೆ. ಕಾರಣ ಗೊತ್ತಾಗದೆ ಮಗು ಒಂದೇ ಸಮನೆ ಅಳುತ್ತದೆ.

ಒಗೆಯುವಾಗ ಮೊದಲು ತಣ್ಣೀರಿನಲ್ಲಿ ಜಾಲಾಡಿ, ಆಮೇಲೆ ಬಿಸಿನೀರು, ಸೋಪು. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಸೋಪು ನೊರೆ ಬರುವುದಿಲ್ಲ, ಬಟ್ಟೆ ಒಣಗಿದರೆ ಅಟ್ಟೆಯ ಹಾಗೆ ಆಗುತ್ತದೆ. ಮಳೆನೀರು ಹಿಡಿದಿದ್ದರೆ ಕೊನೆಯ ಸಲ ಅದರಲ್ಲಿ ಅದ್ದಿ ಹಿಂಡಿ. ಬಟ್ಟೆ ಮೆತ್ತಗಾಗಲಿ ಅಂತ ವಾಸನೆಯ ಕಂಡಿಷನರ್ ಹಾಕಬೇಡಿ, ಹಾಕಿದರೆ ಬಟ್ಟೆ ನೀರು ಹೀರುವುದು ಕಡಿಮೆಯಾಗುತ್ತದೆ. ಚೆನ್ನಾಗಿ ಬಿಸಿಲಿಗೆ ಒಣಗಿಸಿದರೆ ಸಾಕು.

ಡಬ್ಬದ ಪುಡಿ ಬಿಡಿ, ರಾಗಿ ಸರಿ (ಮಗುವಿನ ಗಂಜಿ) ಮಾಡಿಕೊಳ್ಳಿ

ಮೊದಲ ಆರು ತಿಂಗಳು ತಾಯಿ ಹಾಲು ಮಾತ್ರ. ನೀರೂ ಬೇಡ. ಆರು ತುಂಬಿದ ಮೇಲೆ ನಮ್ಮ ಜಿಲ್ಲೆಯ ಮಕ್ಕಳಿಗೆ ರಾಗಿಗಿಂತ ಒಳ್ಳೆಯದು ಯಾವುದಿದೆ? 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ನನ್ನ ಮೊದಲ ಮಗಳಿಗೆ ಯಾರೋ ಹೇಳಿದರು ಅಂತ ಡಬ್ಬದ ಪುಡಿ ತಂದಿದ್ದೆ. ಡಬ್ಬದ ಹಿಂದೆ ಓದಿದರೆ ಮೂರನೇ ಹೆಸರೇ ಸಕ್ಕರೆ. ಆ ಪಟ್ಟಿಯಲ್ಲಿ ಯಾವುದು ತೂಕದಲ್ಲಿ ಜಾಸ್ತಿಯೋ ಅದೇ ಮೊದಲು ಬರಬೇಕು ಅನ್ನುವುದು ನಿಯಮ. ಅವತ್ತಿನಿಂದ ಓದದೆ ಏನನ್ನೂ ತಂದಿಲ್ಲ.

ಒಂದು ಕೆಜಿ ರಾಗಿ ತಗೊಳ್ಳಿ. ಕಲ್ಲು, ಮಣ್ಣು ಹೋಗುವ ಹಾಗೆ ನಾಲ್ಕೈದು ನೀರಿನಲ್ಲಿ ಜಾಲಿಸಿ. ರಾತ್ರಿ ನೆನೆ ಹಾಕಿ. ಬೆಳಿಗ್ಗೆ ನೀರು ಬಸಿದು ಒದ್ದೆ ಪಂಚೆಯಲ್ಲಿ ಗಂಟು ಕಟ್ಟಿಡಿ. ಆಗಾಗ ನೀರು ಚಿಮುಕಿಸಿ. ಮಾರನೇ ದಿನ ಬಿಚ್ಚಿದರೆ ಕಾಳುಗಳು ಒಂದಕ್ಕೊಂದು ಹೆಣೆದುಕೊಂಡು ಗಂಟಿನ ಆಕಾರದಲ್ಲೇ ಕೂತಿರುತ್ತವೆ, ಮೇಲೆಲ್ಲ ಬಿಳಿ ಮೊಳಕೆ. ಮೊಳಕೆ ಅರ್ಧ ಅಕ್ಕಿಕಾಳಿನಷ್ಟು ಉದ್ದ ಬಂದರೆ ಸಾಕು. ಚಳಿಗಾಲದಲ್ಲಿ ಇನ್ನೊಂದು ದಿನ ಕಾಯಬೇಕಾಗುತ್ತದೆ. ವಾಸನೆ ಹುಳಿ ಬಂದಿದ್ದರೆ ಆ ರಾಗಿ ಮಗುವಿಗೆ ಬೇಡ.

ಬಟ್ಟೆ ಮೇಲೆ ಹರಡಿ ನೆರಳಲ್ಲಿ ಎರಡು ದಿನ ಒಣಗಿಸಿ, ಕೊನೆಗೆ ಸ್ವಲ್ಪ ಹೊತ್ತು ಬಿಸಿಲು ತೋರಿಸಿ. ಅಂಗೈಯಲ್ಲಿ ಉಜ್ಜಿದರೆ ಮೊಳಕೆ ಉದುರುತ್ತದೆ, ಮೊರದಲ್ಲಿ ಕೇರಿ ತೆಗೆಯಿರಿ. ಸಣ್ಣ ಉರಿಯಲ್ಲಿ ಘಮ ಬರುವಷ್ಟು ಮಾತ್ರ ಹುರಿಯಿರಿ, ಕೆಂಪಗಾಗಬಾರದು. ಮಿಲ್ಲಿಗೆ ಕೊಡುವಾಗ ನಿಮಗಿಂತ ಮೊದಲು ಏನು ಬೀಸಿದರು ಅಂತ ಕೇಳಿ. ಖಾರದಪುಡಿ ಬೀಸಿದ ಮಿಷನ್ನಿಗೆ ಹಾಕಬೇಡಿ. ಬೇರೆಯವರ ರಾಗಿ ಬೀಸಿದ ಮೇಲೆ ನಿಮ್ಮದನ್ನು ಹಾಕಿಸಿ.

ಇನ್ನು ಜರಡಿ. ಪಾತ್ರೆಯ ಬಾಯಿಗೆ ತೆಳು ಕಾಟನ್ ಬಟ್ಟೆ ಬಿಗಿಯಾಗಿ ಕಟ್ಟಿ, ಒಂದು ಹಿಡಿ ಹಿಟ್ಟು ಹಾಕಿ, ಬೆರಳ ತುದಿಯಲ್ಲಿ ಸುತ್ತು ಸುತ್ತು ಆಡಿಸಿ. ನುಣ್ಣನೆ ಹಿಟ್ಟು ಕೆಳಗೆ ಇಳಿಯುತ್ತದೆ, ಸಿಪ್ಪೆ ಮೇಲೆ ಉಳಿಯುತ್ತದೆ. ಕೈ ನೋಯುವ ಕೆಲಸ, ನಿಜ. ಆದರೆ ಆರು ತಿಂಗಳ ಮಗುವಿನ ಹೊಟ್ಟೆಗೆ ಸಿಪ್ಪೆ ಭಾರ. ಉಳಿದ ತರಿಯನ್ನು ನಮ್ಮ ರೊಟ್ಟಿ ಹಿಟ್ಟಿಗೆ ಸೇರಿಸಿದರೆ ಏನೂ ವ್ಯರ್ಥವಾಗುವುದಿಲ್ಲ.

ಎರಡು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಹೊಳಪು ಬರುವವರೆಗೆ ಬೇಯಿಸಿ. ಮೊಳಕೆ ಬರಿಸಿದ ಹಿಟ್ಟಿನ ಗುಣವೇ ಬೇರೆ. ಮೊಳೆಯುವಾಗ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಅನ್ನುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಸರಿ ಗಟ್ಟಿಯಾಗದೆ ತೆಳ್ಳಗೆ ಇರುತ್ತದೆ. ಅಂದರೆ ಅದೇ ಪುಟ್ಟ ಬಟ್ಟಲಿನಲ್ಲಿ ಹಿಟ್ಟು ಜಾಸ್ತಿ ಹಿಡಿಸಬಹುದು. ಒಂದು ವರ್ಷದವರೆಗೆ ಉಪ್ಪು, ಸಕ್ಕರೆ, ಜೇನುತುಪ್ಪ ಬೇಡ. ಹೆಸರುಬೇಳೆ, ಗೋಡಂಬಿ ಎಲ್ಲ ಒಂದೇ ಸಲ ಬೆರೆಸಿ ಬೀಸಬೇಡಿ. ಮೂರು ನಾಲ್ಕು ದಿನಕ್ಕೆ ಒಂದೊಂದೇ ಹೊಸದು ಕೊಟ್ಟು ನೋಡಿ. ಮೈಮೇಲೆ ಗಂಧೆ ಎದ್ದರೆ ಯಾವುದರಿಂದ ಅಂತ ಗೊತ್ತಾಗಬೇಕಲ್ಲ.

ನೀರಿನಲ್ಲಿ ಉಳಿಸಬೇಡಿ

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಹಲ್ಲು ಮೂಡುವ ವಯಸ್ಸಿನಲ್ಲಿ ಈ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ, ಆಮೇಲೆ ಉಜ್ಜಿದರೆ ಹೋಗುವುದಿಲ್ಲ. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿ ತನ್ನಿ. ಕುಡಿಯುವುದಕ್ಕಷ್ಟೇ ಅಲ್ಲ, ಸರಿ ಬೇಯಿಸುವುದಕ್ಕೂ ಅನ್ನಕ್ಕೂ ಅದೇ ಇರಲಿ.

ಸರ್ಕಾರದಿಂದ ಸಿಗುವುದನ್ನು ಕೇಳಿ ಪಡೆಯಿರಿ

ಲಸಿಕೆಗೆ ದುಡ್ಡು ಕೊಡಲೇಬೇಕು ಅಂದುಕೊಂಡವರು ಬಹಳ ಜನ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕ್ಷಯ ತಡೆಯುವ ಬಿಸಿಜಿ, ಪೋಲಿಯೊ, ಐದು ರೋಗಕ್ಕೆ ಒಂದೇ ಲಸಿಕೆಯಾದ ಪೆಂಟಾವೇಲೆಂಟ್, ಭೇದಿ ತಡೆಯುವ ರೋಟಾ, ನ್ಯುಮೋನಿಯಾ ತಡೆಯುವ ಪಿಸಿವಿ, ದಡಾರ-ರುಬೆಲ್ಲಾ ಎಲ್ಲ ಉಚಿತ. ಹುಟ್ಟಿದಾಗ, ಆಮೇಲೆ 6, 10, 14 ವಾರಕ್ಕೆ, 9 ತಿಂಗಳು ತುಂಬಿದ ಮೇಲೆ, ಮತ್ತೆ ಒಂದೂವರೆ ವರ್ಷದ ಹೊತ್ತಿಗೆ. ಯಾವ ದಿನ ಹಾಕುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ತಾಯಿ ಕಾರ್ಡ್ ಕಳೆಯಬೇಡಿ. ಅಂಗನವಾಡಿಯಲ್ಲಿ 6 ತಿಂಗಳಿಂದಲೇ ಹೆಸರು ಬರೆಸಬಹುದು. ಸಂಕೋಚ ಯಾಕೆ? ಅದು ಮಗುವಿನ ಹಕ್ಕು.

ಬಟ್ಟೆ, ಶೂ, ವಾಕರ್

ಯೂನಿಫಾರ್ಮ್ ಹೊಲಿಸುವಾಗ ಕೆಳಗೆ ನಾಲ್ಕು ಬೆರಳು ಮಡಿಕೆ ಬಿಡಲು ದರ್ಜಿಗೆ ಹೇಳಿ. ಮುಂದಿನ ಜೂನ್‌ಗೆ ಮಡಿಕೆ ಬಿಚ್ಚಿಸಿದರೆ ಆಯಿತು. ಶೂ ಕೊಳ್ಳುವುದು ಸಂಜೆ ಹೊತ್ತು, ಆಗ ಪಾದ ಸ್ವಲ್ಪ ಊದಿರುತ್ತದೆ. ವಾಕರ್ ಬೇಡವೇ ಬೇಡ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಮೆಟ್ಟಿಲಿನಿಂದ ಬೀಳುವ ಅಪಾಯ ಮಾತ್ರ ಜಾಸ್ತಿ. ಮಗು ಹಿಡಿದು ತಳ್ಳಿಕೊಂಡು ಹೋಗುವ ಮರದ ಮೂರು ಗಾಲಿಯ ಗಾಡಿ ನೆಂಟರ ಮನೆ ಅಟ್ಟದ ಮೇಲೆ ಇದ್ದೇ ಇರುತ್ತದೆ, ಕೇಳಿ ತನ್ನಿ.

ವರ್ಷದ ಕೊನೆಗೆ ನೋಟ್‌ಬುಕ್‌ಗಳ ಖಾಲಿ ಹಾಳೆ ಕಿತ್ತು, ಸೂಜಿ ದಾರದಲ್ಲಿ ಹೊಲಿದು ರಫ್ ಪುಸ್ತಕ ಮಾಡಿ. ನಮ್ಮ ಇಬ್ಬರೂ ಮಕ್ಕಳು ಇದನ್ನು ತಾವೇ ಹೊಲಿಯುತ್ತಾರೆ, ರಟ್ಟಿಗೆ ಹಳೇ ಕ್ಯಾಲೆಂಡರ್ ಹಾಳೆ.

ಅಗ್ಗವಾದಾಗ ಕೂಡಿ ಕೊಳ್ಳಿ

ಟೊಮೆಟೊ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಕೇಳುವವರಿಲ್ಲದೆ ರೈತರು ರಸ್ತೆ ಬದಿ ಸುರಿದ ದಿನಗಳನ್ನೂ ನೋಡಿದ್ದೇವೆ. ಬೆಲೆ ಇಳಿದಾಗ ಮೂರು ಮನೆಯವರು ಸೇರಿ ಒಂದು ಬಾಕ್ಸ್ ತಂದು ಹಂಚಿಕೊಳ್ಳಿ, ಗೊಜ್ಜು ಮಾಡಿಡಿ. ಕಡಲೆಕಾಯಿ, ಬೆಲ್ಲವೂ ಹಾಗೇ. ಸಂಜೆ ತಿಂಡಿಗೆ ಚಿಪ್ಸ್ ಪ್ಯಾಕೆಟ್ ತಪ್ಪುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಇಡೀ ಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಕೊಡಿ.

ಉಳಿದದ್ದನ್ನು ಅದೇ ವಾರ ಕಟ್ಟಿ

ಡೈಪರ್‌ನಲ್ಲಿ ಉಳಿದ 1,200 ಮನೆಯಲ್ಲೇ ಇದ್ದರೆ ಖರ್ಚಾಗಿಬಿಡುತ್ತದೆ. ಪರಿಚಯದವರ ಚೀಟಿಗೆ ಹಾಕಿ ನಾವು ಒಂದು ಸಲ ಕಳೆದುಕೊಂಡೆವು. ನಡೆಸುತ್ತಿದ್ದವರು ಊರು ಬಿಟ್ಟರು, ನಮ್ಮ ಕೈಯಲ್ಲಿ ಒಂದು ರಸೀದಿಯೂ ಇರಲಿಲ್ಲ. ಹೆಣ್ಣುಮಗುವಾದರೆ ಹತ್ತು ವರ್ಷ ತುಂಬುವುದರೊಳಗೆ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಿರಿ. ಈ ಯೋಜನೆ 2015ರಲ್ಲಿ ಶುರುವಾದದ್ದು. ವರ್ಷಕ್ಕೆ ಕನಿಷ್ಠ 250, ಹೆಚ್ಚೆಂದರೆ ಒಂದೂವರೆ ಲಕ್ಷ ಕಟ್ಟಬಹುದು. ಖಾತೆ ತೆರೆದಾಗಿನಿಂದ 15 ವರ್ಷ ಕಟ್ಟಬೇಕು, ತೆರೆದ 21 ವರ್ಷಕ್ಕೆ ಪೂರ್ತಿ ಹಣ ಬರುತ್ತದೆ. ಮಗಳಿಗೆ 18 ತುಂಬಿದ ಮೇಲೆ ಅಥವಾ ಹತ್ತನೇ ತರಗತಿ ಪಾಸಾದ ಮೇಲೆ ಓದಿಗೆ ಅಂತ ಅರ್ಧದವರೆಗೆ ತೆಗೆಯಬಹುದು. ಗಂಡುಮಗುವಿಗೆ ತಿಂಗಳಿಗೆ 100 ರೂಪಾಯಿಯಿಂದ ಶುರುವಾಗುವ ಅಂಚೆ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಇದೆ.

ಸುಕನ್ಯಾ ಖಾತೆಗೆ ಮಗುವಿನ ಜನನ ಪ್ರಮಾಣ ಪತ್ರ, ನಿಮ್ಮ ಆಧಾರ್, ಪಾನ್, ಫೋಟೊ ತಗೊಂಡು ಹೋಗಿ. ಯಾವ ವರ್ಷವಾದರೂ ಕನಿಷ್ಠ ಮೊತ್ತ ಕಟ್ಟದಿದ್ದರೆ 50 ರೂಪಾಯಿ ದಂಡ ಬೀಳುತ್ತದೆ. ಲೆಕ್ಕದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಹೊಸ ಕ್ಯಾಲೆಂಡರ್ ಮನೆಗೆ ಬಂದ ದಿನವೇ ಮಾರ್ಚ್ ಪುಟ ತೆಗೆದು, ಹತ್ತನೇ ತಾರೀಕಿನ ಸುತ್ತ ಒಂದು ಗೆರೆ ಎಳೆದಿಡಿ.