ಲೀಡರ್‌ಗೆ ತೊಂದರೆ ಕೊಡದೆ ಹೊಸ ರೆಪ್ಲಿಕಾ ಎಬ್ಬಿಸುವುದು

ಪೋಸ್ಟ್‌ಗ್ರೆಸ್ ಡೇಟಾಬೇಸ್ ಕ್ಲಸ್ಟರ್ ಅಂದರೆ ಬದಲಾವಣೆಗಳನ್ನು ಬರೆಸಿಕೊಳ್ಳುವ ಒಂದು ಲೀಡರ್, ಅದರ ಪ್ರತಿಗಳಾದ ರೆಪ್ಲಿಕಾಗಳು. ಲೀಡರ್ ಬಿದ್ದರೆ ರೆಪ್ಲಿಕಾವನ್ನು ಆ ಜಾಗಕ್ಕೆ ತರುವ ಸಾಧನ ಪ್ಯಾಟ್ರೋನಿ. ಅದು ನೋಡಿಕೊಳ್ಳುವ ಕ್ಲಸ್ಟರ್‌ಗೆ ಹೊಸ ನೋಡ್ (ಸರ್ವರ್) ಸೇರಿಸಿದಿರಿ ಅನ್ನಿ. ಬೇರೇನೂ ಹೇಳದಿದ್ದರೆ ಆ ನೋಡ್ ಬೇಸ್‌ಬ್ಯಾಕಪ್ (ಪೋಸ್ಟ್‌ಗ್ರೆಸ್‌ನದೇ ನಕಲು ಮಾಡುವ ಕಮಾಂಡ್) ಓಡಿಸಿ ಡೇಟಾ ಪೂರ್ತಿ ಸಾಮಾನ್ಯವಾಗಿ ಲೀಡರ್‌ನಿಂದಲೇ ಎಳೆದುಕೊಳ್ಳುತ್ತದೆ. ಚಿಕ್ಕ ಡೇಟಾಬೇಸ್ ಆದರೆ ಸುಮ್ನೆ ಹಾಗೇ ಬಿಡಿ. ಟೆರಾಬೈಟ್‌ಗಟ್ಟಲೆ ಇದ್ದರೆ ಲೀಡರ್‌ನ ಡಿಸ್ಕ್, ನೆಟ್‌ವರ್ಕ್ ಎರಡಕ್ಕೂ ಹೊರೆ. ಅದೇ ಡೇಟಾ ಬ್ಯಾಕಪ್‌ನಲ್ಲೂ ಇದೆ ಅಲ್ವಾ? ಅಲ್ಲಿಂದ ತನ್ನಿ. ನಾನು ಬಳಸುವುದು ಪಿಜಿ ಬ್ಯಾಕ್‌ರೆಸ್ಟ್ ಅನ್ನುವ ಬ್ಯಾಕಪ್ ಸಾಧನ, ಹಾಗಾಗಿ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಎಲ್ಲರೂ ಬ್ಯಾಕಪ್ ಇದೆಯಾ ಅಂತ ನೋಡುತ್ತಾರೆ. ನಾನು ಮೊದಲು ನೋಡುವುದು ವಾಲ್ ಆರ್ಕೈವ್, ಅಂದರೆ ಪ್ರತಿ ಬದಲಾವಣೆಯನ್ನೂ ಬರೆದಿಡುವ ಲಾಗ್ ಫೈಲ್‌ಗಳ (ಸೆಗ್ಮೆಂಟ್‌ಗಳ) ಸಂಗ್ರಹ. ರಿಸ್ಟೋರ್ ಆದಾಗ ಸಿಗುವುದು ಹಳೆಯ ಪ್ರತಿ. ಅಲ್ಲಿಂದ ಈಚೆಗಿನ ಬದಲಾವಣೆಗಳೆಲ್ಲ ಆರ್ಕೈವ್‌ನಿಂದ ಬರಬೇಕು, ಕೊನೆಯ ಚೂರು ಮಾತ್ರ ಲೀಡರ್‌ನಿಂದ ಸ್ಟ್ರೀಮ್ ಆಗುತ್ತದೆ. ನಡುವೆ ಒಂದು ಸೆಗ್ಮೆಂಟ್ ಕಾಣೆಯಾಗಿ, ಲೀಡರ್ ಕೂಡ ಅದನ್ನು ಅಳಿಸಿಬಿಟ್ಟಿದ್ದರೆ ರೆಪ್ಲಿಕಾ ಅಲ್ಲೇ ನಿಂತುಬಿಡುತ್ತದೆ. ಲೀಡರ್‌ನಲ್ಲಿ ಪಿಜಿ ಬ್ಯಾಕ್‌ರೆಸ್ಟ್‌ನ 'ಚೆಕ್' ಕಮಾಂಡ್ ಓಡಿಸಿ. ಅದು ಹೊಸ ಸೆಗ್ಮೆಂಟ್‌ಗೆ ಬದಲಿಸಿ, ಹಳೆಯದು ಆರ್ಕೈವ್ ತಲುಪುವವರೆಗೂ ಕಾಯುತ್ತದೆ.

ಈಗ ಹೊಸ ನೋಡ್‌ನ ಪ್ಯಾಟ್ರೋನಿ ಸೆಟ್ಟಿಂಗ್‌ಗಳಿರುವ ಯಾಮಲ್ ಫೈಲ್. 'ಕ್ರಿಯೇಟ್ ರೆಪ್ಲಿಕಾ ಮೆಥಡ್ಸ್' ಪಟ್ಟಿಯಲ್ಲಿ ಪಿಜಿ ಬ್ಯಾಕ್‌ರೆಸ್ಟ್ ಮೊದಲು, ಬೇಸ್‌ಬ್ಯಾಕಪ್ ಆಮೇಲೆ. ಪಿಜಿ ಬ್ಯಾಕ್‌ರೆಸ್ಟ್ ಹೆಸರಿನ ಕೆಳಗೆ ಡೆಲ್ಟಾ ಆಯ್ಕೆಯ ಜೊತೆ ರಿಸ್ಟೋರ್ ಕಮಾಂಡ್ ಬರೆಯಿರಿ. 'ಕೀಪ್ ಡೇಟಾ' ಟ್ರೂ ಇರಲಿ. ಆಗ ರಿಸ್ಟೋರ್‌ಗೆ ಮುಂಚೆ ಪ್ಯಾಟ್ರೋನಿ ಡೇಟಾ ಫೋಲ್ಡರ್ ಅಳಿಸುವುದಿಲ್ಲ, ಡೆಲ್ಟಾ ಅಲ್ಲಿ ಸರಿಯಾಗಿರುವ ಫೈಲ್‌ಗಳನ್ನು ಬಿಟ್ಟು ಉಳಿದವನ್ನಷ್ಟೇ ತರುತ್ತದೆ. 'ನೋ ಪ್ಯಾರಮ್ಸ್' ಕೂಡ ಟ್ರೂ. ಇಲ್ಲದಿದ್ದರೆ ಪ್ಯಾಟ್ರೋನಿ ತನ್ನವೇ ನಾಲ್ಕು ಆಯ್ಕೆಗಳನ್ನು ಕಮಾಂಡ್‌ನ ಹಿಂದೆ ಅಂಟಿಸುತ್ತದೆ, ಪಿಜಿ ಬ್ಯಾಕ್‌ರೆಸ್ಟ್‌ಗೆ ಅವು ಅರ್ಥವಾಗದೆ ಎರರ್ ಕೊಡುತ್ತದೆ. 'ರಿಕವರಿ ಕಾನ್ಫ್' ಭಾಗದಲ್ಲಿ ಆರ್ಕೈವ್‌ನಿಂದ ಸೆಗ್ಮೆಂಟ್ ತರುವ ಕಮಾಂಡ್ ಹಾಕುವುದನ್ನು ಮರೆಯಬೇಡಿ.

ಪಿಜಿ ಬ್ಯಾಕ್‌ರೆಸ್ಟ್‌ನ 'ಪ್ರೋಸೆಸ್ ಮ್ಯಾಕ್ಸ್' (ಒಟ್ಟಿಗೆ ಎಷ್ಟು ಪ್ರೋಸೆಸ್ ಓಡಬಹುದು ಅನ್ನುವ ಮಿತಿ) ಡಿಫಾಲ್ಟ್ ಆಗಿ 1. ದೊಡ್ಡ ಡೇಟಾಬೇಸ್‌ಗೆ ಇದು ಆಮೆ ನಡಿಗೆ. ಹೊಸ ನೋಡ್‌ಗೆ ಹೇಗೂ ಬೇರೆ ಕೆಲಸವಿಲ್ಲ, ಅಲ್ಲಿ ಧಾರಾಳವಾಗಿ ಏರಿಸಿ.

ಇಷ್ಟಾದ ಮೇಲೆ ಪ್ಯಾಟ್ರೋನಿ ಸರ್ವಿಸ್ ಶುರು ಮಾಡಿ. ಹಳೆಯ ರೆಪ್ಲಿಕಾ ಕೆಟ್ಟಿದ್ದರೆ ಪ್ಯಾಟ್ರೋನಿಯ ಕಮಾಂಡ್ ಸಾಧನವಾದ ಪ್ಯಾಟ್ರೋನಿ ಸಿಟಿಎಲ್‌ನಲ್ಲಿ ರೀಇನಿಟ್ (ಹೊಸದಾಗಿ ಕಟ್ಟು) ಕೊಟ್ಟರೆ ಸಾಕು.

ತಕ್ಷಣ ಲಾಗ್ ತೆರೆಯಿರಿ. ಮೊದಲ ವಿಧಾನ ಸೋತರೆ ಪ್ಯಾಟ್ರೋನಿ ನಿಮ್ಮನ್ನೇನೂ ಕೇಳದೆ ಬೇಸ್‌ಬ್ಯಾಕಪ್‌ಗೆ ಹೋಗಿಬಿಡುತ್ತದೆ. ಕೊನೆಗೆ ರೆಪ್ಲಿಕಾ ಸಿದ್ಧವಾಗುತ್ತದೆ, ನಿಮಗೂ ಖುಷಿ. ಆದರೆ ಅಷ್ಟೂ ಹೊತ್ತು ಪೆಟ್ಟು ತಿಂದದ್ದು ಲೀಡರ್! ಅದು ಖಂಡಿತ ಬೇಡ ಅನ್ನುವವರು ಪಟ್ಟಿಯಿಂದ ಬೇಸ್‌ಬ್ಯಾಕಪ್ ತೆಗೆದುಬಿಡಿ. ನನ್ನ ಮಟ್ಟಿಗೆ ಅದೇ ವಾಸಿ.

ರಿಸ್ಟೋರ್ ಮುಗಿಯಿತು ಅಂತ ಓದುವ ಕ್ವೆರಿಗಳನ್ನು ಆಗಲೇ ಅತ್ತ ತಿರುಗಿಸಬೇಡಿ. ರೆಪ್ಲಿಕಾ ಇನ್ನೂ ಎಷ್ಟೋ ಹಿಂದೆ ಇದ್ದರೂ ಪ್ಯಾಟ್ರೋನಿಯ ಹೆಲ್ತ್ ಚೆಕ್ 200 (ಎಲ್ಲ ಸರಿ) ಅಂತಲೇ ಉತ್ತರಿಸಬಹುದು. ಕ್ವೆರಿಗಳನ್ನು ಹಂಚುವ ಲೋಡ್ ಬ್ಯಾಲೆನ್ಸರ್ ಈ ಹೆಲ್ತ್ ಚೆಕ್‌ಗೆ ಕೇಳುವ ವಿಳಾಸಕ್ಕೆ ಲ್ಯಾಗ್ (ಲೀಡರ್‌ಗಿಂತ ಎಷ್ಟು ಹಿಂದೆ ಅನ್ನುವುದು) ಮಿತಿ ಸೇರಿಸಿ. ಇಲ್ಲವೇ 'ನೋ ಲೋಡ್ ಬ್ಯಾಲೆನ್ಸ್' ಟ್ಯಾಗ್ ಹಾಕಿಟ್ಟು, ಲ್ಯಾಗ್ ಸೊನ್ನೆಯ ಹತ್ತಿರ ಬಂದ ಮೇಲೆ ತೆಗೆಯಿರಿ.