ಕೋವಿಡ್ ಈಗ ಬರೀ ಫ್ಲೂ ಥರಾನಾ? ಲೆಕ್ಕ ನೋಡುವುದು ಹೀಗೆ

ಲಸಿಕೆ ಬಂದ ಮೇಲೆ ಕೋವಿಡ್ ಅಂದ್ರೆ ಮಾಮೂಲಿ ಫ್ಲೂ ಅಷ್ಟೇ ಅನ್ನುವವರು ಜಾಸ್ತಿ, ಅಲ್ವಾ? ನಂಬುವ ಮೊದಲು ಸಂಖ್ಯೆಗಳನ್ನು ಸರಿಯಾಗಿ ಓದಬೇಕು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಲೆಕ್ಕ ಇದಕ್ಕೆ ಒಳ್ಳೆಯ ಉದಾಹರಣೆ.

ಮೊದಲು, ಸಾವಿನ ಪ್ರಮಾಣ ಯಾರ ಪೈಕಿ ಎಂದು ಕೇಳಿ. ಸೋಂಕು ತಗುಲಿದ ಎಲ್ಲರದ್ದೋ, ಆಸ್ಪತ್ರೆ ಸೇರಿದವರದ್ದೋ? ಎರಡೂ ಬೇರೆ. 2020ರಲ್ಲಿ ಅಮೆರಿಕದಲ್ಲಿ ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಲ್ಲಿ ನೂರಕ್ಕೆ 17ರಿಂದ 21 ಮಂದಿ ತಿಂಗಳೊಳಗೆ ತೀರಿಕೊಂಡರು. 2022–23ರ ಚಳಿಗಾಲದಲ್ಲಿ ಈ ಆಸ್ಪತ್ರೆಗಳಲ್ಲಿ ಅದು ಸುಮಾರು 6. ಫ್ಲೂ ರೋಗಿಗಳಲ್ಲಿ 3.75. ಅಂತರ ಇಳಿದಿದೆ, ಹೋಗಿಲ್ಲ. ಈ ಇಳಿಕೆ ಪೂರ್ತಿ ಲಸಿಕೆಯದ್ದಲ್ಲ, ಓಮೈಕ್ರಾನ್ ತಳಿ, ಹಿಂದೆ ಬಂದುಹೋದ ಸೋಂಕು, ಸುಧಾರಿಸಿದ ಚಿಕಿತ್ಸೆ ಎಲ್ಲವೂ ಸೇರಿವೆ. ಆದರೆ ಜಾಸ್ತಿ ಡೋಸ್ ತೆಗೆದುಕೊಂಡವರಲ್ಲಿ ಸಾವಿನ ಅಪಾಯ ಕಡಿಮೆ ಇದ್ದದ್ದು ಅಲ್ಲಿ ಸ್ಪಷ್ಟವಾಗಿ ಕಂಡಿದೆ.

ಆಮೇಲೆ ತಲೆ ಎಣಿಸಿ. ಆ ಚಳಿಗಾಲದಲ್ಲಿ ಅಲ್ಲಿ ಕೋವಿಡ್‌ನಿಂದ ದಾಖಲಾದವರು 8,996, ಫ್ಲೂನಿಂದ 2,403. ಒಬ್ಬ ರೋಗಿಯ ಅಪಾಯ ಹತ್ತಿರ ಹತ್ತಿರ ಬಂದರೂ ಕೋವಿಡ್‌ನಿಂದ ಆಸ್ಪತ್ರೆ ಸೇರಿದವರು ಫ್ಲೂನವರ ಮೂರೂವರೆ ಪಟ್ಟಿಗಿಂತ ಜಾಸ್ತಿ. ಹೊರೆ ಅಂದರೆ ಇದೇ, ಮತ್ತು ಸುಮ್ನೆ ಶೇಕಡಾವಾರು ನೋಡುವವರು ಬಿಟ್ಟುಬಿಡುವುದೂ ಇದನ್ನೇ.

ಮೂರನೆಯದರಲ್ಲಿ ಜನ ಎಡವುವುದು ಜಾಸ್ತಿ. 'ಆಸ್ಪತ್ರೆಯಲ್ಲಿ ಇರುವವರೆಲ್ಲ ಲಸಿಕೆ ಹಾಕಿಸಿಕೊಂಡವರೇ' ಎಂಬ ವಾಟ್ಸಾಪ್ ಸಂದೇಶ ನೀವೂ ನೋಡಿರಬಹುದು. ಒಂದು ಊರಲ್ಲಿ 1,000 ಹಿರಿಯರಿದ್ದಾರೆ, 900 ಮಂದಿ ಲಸಿಕೆ ಹಾಕಿಸಿಕೊಂಡಿದ್ದಾರೆ, ಅವರಲ್ಲಿ 9 ಮಂದಿ ದಾಖಲಾದರು, ಹಾಕಿಸಿಕೊಳ್ಳದ 100 ಮಂದಿಯಲ್ಲಿ 5 ಮಂದಿ ದಾಖಲಾದರು ಅಂದುಕೊಳ್ಳಿ. ವಾರ್ಡಿನಲ್ಲಿ ಲಸಿಕೆಯವರೇ ಹೆಚ್ಚು ಕಾಣುತ್ತಾರೆ. ಆದರೆ ಅವರಲ್ಲಿ ನೂರಕ್ಕೆ 1, ಉಳಿದವರಲ್ಲಿ ನೂರಕ್ಕೆ 5! ಹಾಗಾಗಿ ಪ್ರತಿ ಗುಂಪನ್ನೂ ಅದರ ಒಟ್ಟು ಜನರಿಂದಲೇ ಭಾಗಿಸಿ.

ವಯಸ್ಸನ್ನೂ ಬೇರೆ ಮಾಡಿ. ಎಂಬತ್ತರ ಅಜ್ಜನನ್ನು ಇಪ್ಪತ್ತರ ಹುಡುಗನ ಜೊತೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ.

ಕೊನೆಗೆ ತಾರೀಖು. ಕೋವಿಡ್ ಲಸಿಕೆಯ ರಕ್ಷಣೆ ತಿಂಗಳುಗಳಲ್ಲಿ ಇಳಿಯುತ್ತದೆ. ಫ್ಲೂ ಲಸಿಕೆಯನ್ನಂತೂ ಪ್ರತಿ ವರ್ಷ ಹಾಕಿಸಿಕೊಳ್ಳಬೇಕು. ಮನೆಯಲ್ಲಿ ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ ಇರುವವರು ಇದ್ದರೆ ಕೋವಿನ್ ಪ್ರಮಾಣಪತ್ರ ತೆಗೆದು ಕೊನೆಯ ಡೋಸ್ ಯಾವಾಗ ಎಂದು ನೋಡಿ, ಎರಡೂ ಲಸಿಕೆಗಳ ಬಗ್ಗೆ ಡಾಕ್ಟರನ್ನು ಕೇಳಿ.