ಎಂಟು ಜನ, ಒಂದೇ ಟೇಬಲ್: ಗೆಳೆಯರ ರಾತ್ರಿ ಊಟಕ್ಕೆ ಬೆಂಗಳೂರಿನಲ್ಲಿ ಹೋಟೆಲ್ ಆರಿಸುವುದು ಹೇಗೆ?

ಗೆಳೆಯರ ಗುಂಪಿಗೆ ಹೋಟೆಲ್ ಹುಡುಕಲು ಕೂತವರು ಮೊದಲು ನೋಡುವುದು ಆ್ಯಪ್‌ನಲ್ಲಿ ಎಷ್ಟು ಸ್ಟಾರ್ ಇದೆ ಎಂದು. ಅದನ್ನು ಕೊನೆಗಿಟ್ಟುಕೊಳ್ಳಿ. ಆ ಸ್ಟಾರ್ ಕೊಟ್ಟವರಲ್ಲಿ ಇಬ್ಬರೇ ಹೋಗಿ ಉಂಡು ಬಂದವರು ಇರುತ್ತಾರೆ, ಮನೆಗೆ ಪಾರ್ಸೆಲ್ ತರಿಸಿಕೊಂಡವರೂ ಇರುತ್ತಾರೆ. ಎಂಟು ಜನರ ಕಷ್ಟ ಅವರಿಗೆ ಗೊತ್ತಿಲ್ಲ. ಗುಂಪಿಗೆ ಬೇಕಾದದ್ದು ಎಲ್ಲರೂ ಒಟ್ಟಿಗೆ ಕೂರುವಂಥ ಟೇಬಲ್, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವಷ್ಟು ಶಾಂತಿ, 'ಬಿಲ್ ತರ್ಲಾ ಸರ್' ಎಂದು ತಲೆ ಮೇಲೆ ನಿಲ್ಲದ ಸಪ್ಲೈಯರ್. ಇವು ಸಿಕ್ಕಿದರೆ ಊಟ ಸುಮಾರಾಗಿದ್ದರೂ ನಡೆಯುತ್ತದೆ.

ಲೆಕ್ಕಕ್ಕೆ ಒಂದು ಗುಂಪು ಇಟ್ಟುಕೊಳ್ಳೋಣ. ಜಯನಗರದ ಇಬ್ಬರು, ಇಂದಿರಾನಗರದ ಇಬ್ಬರು, ವೈಟ್‌ಫೀಲ್ಡ್‌ನ ಇಬ್ಬರು, ರಾಜಾಜಿನಗರದವರೊಬ್ಬರು, ಎಲೆಕ್ಟ್ರಾನಿಕ್ ಸಿಟಿಯವರೊಬ್ಬರು. ಕಾಲೇಜು ಮುಗಿದ ಮೇಲೆ ಊರ ತುಂಬ ಚೆದುರಿದ ಯಾವ ಗುಂಪು ನೋಡಿದರೂ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ಜವಾಬ್ದಾರಿ ಒಬ್ಬರಿಗೇ

ವಾಟ್ಸ್‌ಆ್ಯಪ್‌ನಲ್ಲಿ 'ಎಲ್ಲಿಗೆ ಹೋಗೋಣ?' ಎಂದು ಕೇಳಲೇಬೇಡಿ. 'ಎಲ್ಲಾದ್ರೂ ಓಕೆ' ಎಂಬ ಉತ್ತರ ಬರುತ್ತದೆ. ಹೆಸರು ಹೇಳಿದ ತಕ್ಷಣ ಅದೇ ಬಾಯಿ 'ಅಲ್ಲಿ ಪಾರ್ಕಿಂಗ್ ಇಲ್ಲ ಕಣೋ' ಎನ್ನುತ್ತದೆ. ಒಬ್ಬರು ಮುಂದೆ ಬಂದು ಎರಡೇ ಎರಡು ಹೋಟೆಲ್ ಹೆಸರು ಹಾಕಿ, ಪೋಲ್ ಮಾಡಿ, ಮಾರನೇ ದಿನ ಸಂಜೆಯ ಗಡುವು ಕೊಡಬೇಕು. ಗಡುವು ಮುಗಿದ ಮೇಲೆ ಬಂದ ಸಲಹೆಗೆ ಒಂದು ಸ್ಮೈಲಿ ಸಾಕು.

ದಿನದ ವಿಚಾರದಲ್ಲಿ ಸ್ವಲ್ಪ ಹುಷಾರಾಗಿರಬೇಕು. ಶನಿವಾರ ಎಲ್ಲರಿಗೂ ಅನುಕೂಲ ಅನ್ನಿಸುತ್ತದೆ. ಆದರೆ ಶನಿವಾರ ಮಾಂಸ ಮುಟ್ಟದವರು ನಮ್ಮಲ್ಲಿ ಬೇಕಾದಷ್ಟು ಜನ, ಸೋಮವಾರ ಬಿಡುವವರೂ ಇದ್ದಾರೆ. ಶ್ರಾವಣದಲ್ಲಂತೂ ಕೇಳದೇ ಬಿರಿಯಾನಿ ಹೋಟೆಲ್ ಬುಕ್ ಮಾಡಬೇಡಿ. ಗುಂಪಿನಲ್ಲಿ ಕುಡಿಯುವವರಿದ್ದರೆ ಆ ದಿನ ಡ್ರೈ ಡೇನಾ ಅಂತ ನೋಡಿ. ಅಕ್ಟೋಬರ್ 2 ಎಲ್ಲರಿಗೂ ನೆನಪಿರುತ್ತದೆ, ಮತದಾನ ಮತ್ತು ಎಣಿಕೆಯ ದಿನಗಳು ಮರೆತುಹೋಗುತ್ತವೆ. ನನ್ನ ವೋಟು ಭಾನುವಾರ ಸಂಜೆ ಏಳಕ್ಕೆ. ರಸ್ತೆ ಸ್ವಲ್ಪ ಖಾಲಿ, ಎಂಟೂವರೆಗೆ ಮನೆಮಂದಿಯೆಲ್ಲ ಬಂದು ತುಂಬಿಕೊಳ್ಳುವ ಹೊತ್ತಿಗೆ ನೀವು ಅರ್ಧ ಊಟ ಮುಗಿಸಿರುತ್ತೀರಿ.

ಏರಿಯಾ: ನಕ್ಷೆಯ ಮಧ್ಯ ಅಲ್ಲ, ಮೆಟ್ರೊದ ಮಧ್ಯ

ಬೆಂಗಳೂರಿನಲ್ಲಿ ದೂರವನ್ನು ಕಿಲೋಮೀಟರ್‌ನಲ್ಲಿ ಅಳೆಯುವವರು ಹೊಸಬರು. ನಕ್ಷೆ ನೋಡಿದರೆ ಕೋರಮಂಗಲ ಮಧ್ಯದಲ್ಲೇ ಇದೆ, ಹೋಟೆಲ್‌ಗಳಿಗೂ ಬರವಿಲ್ಲ. ಆದರೆ ವೈಟ್‌ಫೀಲ್ಡ್‌ನಿಂದ ಕೆಲಸದ ದಿನ ಸಂಜೆ ಕಾರಿನಲ್ಲಿ ಹೊರಟವರು ಎಷ್ಟು ಹೊತ್ತಿಗೆ ತಲುಪುತ್ತಾರೆ ಎಂದು ದೇವರೂ ಹೇಳಲಾರ.

ನೇರಳೆ ಮಾರ್ಗ 2023ರಲ್ಲಿ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೂ ಪೂರ್ತಿಯಾಯಿತು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾಯಿತು. ಹಾಗಾಗಿ ಈಗ ಲೆಕ್ಕವೇ ಬೇರೆ. ನಮ್ಮ ಎಂಟು ಜನರನ್ನೇ ನೋಡಿ. ವೈಟ್‌ಫೀಲ್ಡ್‌ನವರಿಗೂ ಇಂದಿರಾನಗರದವರಿಗೂ ಎಂ.ಜಿ. ರಸ್ತೆ ಒಂದೇ ರೈಲು. ಜಯನಗರ ಮತ್ತು ರಾಜಾಜಿನಗರದವರು ಹಸಿರು ಮಾರ್ಗದಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಒಮ್ಮೆ ಬದಲಿಸಿದರೆ ಸಾಕು. ಎಲೆಕ್ಟ್ರಾನಿಕ್ ಸಿಟಿಯವರು ಆರ್.ವಿ. ರಸ್ತೆಯಲ್ಲೊಮ್ಮೆ, ಮೆಜೆಸ್ಟಿಕ್‌ನಲ್ಲೊಮ್ಮೆ ಇಳಿದು ಹತ್ತಬೇಕು. ಪಾಪ, ಅವರಿಗೆ ಮೊದಲ ಸ್ಟಾರ್ಟರ್ ಎತ್ತಿಡಿ. ಈ ಗುಂಪಿಗೆ ಚರ್ಚ್ ಸ್ಟ್ರೀಟ್, ರೆಸಿಡೆನ್ಸಿ ರಸ್ತೆಯ ಸುತ್ತಮುತ್ತ ಹುಡುಕುವುದು ಸರಿ. ಪಾರ್ಕಿಂಗ್ ಜಗಳವೂ ಅಲ್ಲಿಗೇ ಮುಗಿಯಿತು. ವಾಪಸ್ ಹೋಗುವ ಕೊನೆಯ ರೈಲಿನ ಸಮಯವನ್ನು ಮಾತ್ರ ಮೊದಲೇ ನೋಡಿಟ್ಟುಕೊಳ್ಳಿ, ರೈಲು ಬದಲಿಸುವವರು ಇನ್ನೂ ಸ್ವಲ್ಪ ಮೊದಲೇ ಎದ್ದೇಳಬೇಕು.

ಏನು ಇಷ್ಟ ಅಂತ ಕೇಳಬೇಡಿ, ಏನು ತಿನ್ನಲ್ಲ ಅಂತ ಕೇಳಿ

ಇಷ್ಟದ ಪಟ್ಟಿಗೆ ಕೊನೆಯಿಲ್ಲ. ತಿನ್ನದಿರುವುದರ ಪಟ್ಟಿ ಚಿಕ್ಕದು, ಕೆಲಸಕ್ಕೆ ಬರುವುದೂ ಅದೇ. ಈರುಳ್ಳಿ-ಬೆಳ್ಳುಳ್ಳಿ ಬಿಟ್ಟವರು, ಆಲೂಗಡ್ಡೆಯನ್ನೂ ಮುಟ್ಟದ ಜೈನರು, ಸೀಗಡಿ ತಿಂದರೆ ಮೈಯೆಲ್ಲ ದದ್ದು ಏಳುವವರು, ಹಲಾಲ್ ಆಗಿದ್ದರೆ ಮಾತ್ರ ತಿನ್ನುವವರು, ನಾನ್‌ವೆಜ್ ಹೋಟೆಲಿನ ಮೆಟ್ಟಿಲೇ ಹತ್ತದವರು. ಕೊನೆಯವರನ್ನು 'ಅಡ್ಜಸ್ಟ್ ಮಾಡ್ಕೊ' ಎಂದು ಎಳೆದುಕೊಂಡು ಹೋಗಬೇಡಿ. ಅವರು ಬರುತ್ತಾರೆ, ಒಂದು ಲೈಮ್ ಸೋಡಾ ಕುಡಿದು ಕೂರುತ್ತಾರೆ, ಮುಂದಿನ ಸಲ 'ಊರಲ್ಲಿಲ್ಲ' ಅನ್ನುತ್ತಾರೆ.

ವೆಜ್-ನಾನ್‌ವೆಜ್ ಎರಡೂ ಇರುವ ಹೋಟೆಲ್ ಅಂದುಕೊಂಡರೆ, ಅಲ್ಲಿನ ಮೆನುವಿನ ವೆಜ್ ಪುಟವನ್ನು ಮೊದಲು ಓದಿ. ಪನೀರ್, ಬೇಬಿಕಾರ್ನ್, ಗೋಬಿ ಬಿಟ್ಟು ಬೇರೇನೂ ಇಲ್ಲದಿದ್ದರೆ ಆ ಅಡುಗೆಮನೆಗೆ ಸಸ್ಯಾಹಾರಿಗಳು ಲೆಕ್ಕಕ್ಕಿಲ್ಲ ಎಂದೇ ಅರ್ಥ. ಆಂಧ್ರ ಶೈಲಿಯ ಹೋಟೆಲ್‌ಗಳು ಈ ವಿಷಯದಲ್ಲಿ ಎಷ್ಟೋ ವಾಸಿ. ಎಲೆ ತುಂಬ ಪಪ್ಪು, ಗೊಂಗೂರ, ಪುಡಿ-ತುಪ್ಪ ಬೀಳುತ್ತದೆ. ನಾನ್‌ವೆಜ್ ತಿನ್ನುವವರು ಪಕ್ಕದಲ್ಲೇ ಕೂತು ಚಿಲ್ಲಿ ಚಿಕನ್ ತರಿಸಿಕೊಳ್ಳಬಹುದು. ಒಂದೇ ತೊಂದರೆ, ರಶ್ ಇರುವ ದಿನ ಅಲ್ಲಿ ಉಂಡ ಮೇಲೆ ಹರಟೆ ಹೊಡೆಯುವ ಹಾಗಿಲ್ಲ. ಬಾಗಿಲಲ್ಲಿ ನಿಂತವರ ಕಣ್ಣು ನಿಮ್ಮ ಎಲೆಯ ಮೇಲೇ ಇರುತ್ತದೆ.

ಹೆಸರುವಾಸಿ ಜಾಗಗಳ ಮೋಹ

ಹೊರ ಊರಿಂದ ಬಂದ ಗೆಳೆಯರು ಇದ್ದರೆ ಹಳೇ ಹೋಟೆಲ್‌ಗಳ ಹೆಸರು ಬಂದೇ ಬರುತ್ತದೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದ್ದು, ಅಲ್ಲಿನ ಮಸಾಲೆ ದೋಸೆಗೆ ನನ್ನ ತಕರಾರಿಲ್ಲ. ಆದರೆ ಶುಕ್ರವಾರ ರಜೆ. ಬೇರೆ ದಿನವೂ ಅದು ತಿಂಡಿಯ ಜಾಗವೇ ಹೊರತು ರಾತ್ರಿ ಊಟದ್ದಲ್ಲ. 1924ರಲ್ಲಿ ಶುರುವಾದ ಎಂ.ಟಿ.ಆರ್.ನ ಲಾಲ್‌ಬಾಗ್ ರಸ್ತೆಯ ಹೋಟೆಲಿಗೆ ಸೋಮವಾರ ಬಿಡುವು. ಹಳೆಯ ಮಿಲಿಟರಿ ಹೋಟೆಲ್‌ಗಳಲ್ಲಿ ಹಲವು ಮಧ್ಯಾಹ್ನವೇ ಪಾತ್ರೆ ತೊಳೆದಿಡುತ್ತವೆ. ದರ್ಶಿನಿಯಲ್ಲಿ ನಿಂತು ತಿನ್ನಬೇಕು. ವಿ.ವಿ. ಪುರದ ತಿಂಡಿ ಬೀದಿ ಮಜಾ ಕೊಡುತ್ತದೆ, ಆದರೆ ಎಂಟು ಜನ ಎಂಟು ಅಂಗಡಿ ಮುಂದೆ ಚೆದುರಿ, ಮಾತಾಡಿದ್ದಕ್ಕಿಂತ ಒಬ್ಬರನ್ನೊಬ್ಬರು ಹುಡುಕಿದ್ದೇ ಜಾಸ್ತಿ ಆಗುತ್ತದೆ.

ಬಫೆ ಜಾಗಗಳ ಬಗ್ಗೆ ಮೂಗು ಮುರಿಯುವವರಿದ್ದಾರೆ. ತಲೆಗಿಷ್ಟು ಎಂದು ದರ ಮೊದಲೇ ಗೊತ್ತಿರುವುದರಿಂದ ದೊಡ್ಡ ಗುಂಪಿಗೆ ಅದು ಕೆಟ್ಟ ಆಯ್ಕೆ ಅಲ್ಲ. ತಕರಾರು ಒಂದೇ, ಯಾವಾಗಲೂ ಮೂರು ಜನ ತಟ್ಟೆ ಹಿಡಿದು ಎದ್ದು ಹೋಗಿರುತ್ತಾರೆ.

ಫೋನ್ ಮಾಡಲೇಬೇಕು

ಆ್ಯಪ್‌ನಲ್ಲಿ 'ಎಂಟು ಜನ, ಏಳು ಗಂಟೆ' ಎಂದು ಒತ್ತಿದರೆ ಬುಕಿಂಗ್ ಆಗುತ್ತದೆ. ಟೇಬಲ್ ಎಂಥದ್ದು ಎಂದು ಅದು ಹೇಳುವುದಿಲ್ಲ. ಮಧ್ಯಾಹ್ನದ ಗಲಾಟೆ ಮುಗಿದ ಮೇಲೆ, ನಾಲ್ಕರ ಸುಮಾರಿಗೆ ಫೋನ್ ಮಾಡಿ. ಮಾತು ಸಾಮಾನ್ಯವಾಗಿ ಹೀಗೆ ನಡೆಯುತ್ತದೆ:

'ಎಂಟು ಜನಕ್ಕೆ ಟೇಬಲ್ ಬೇಕಿತ್ತು.'

'ಆಯ್ತು ಸರ್, ಮಾಡಿಕೊಡ್ತೀವಿ.'

'ಒಂದೇ ಟೇಬಲ್ ತಾನೇ?'

'ನಾಲ್ಕು ಜನರದ್ದು ಎರಡು ಸರ್. ಪಕ್ಕಪಕ್ಕದಲ್ಲೇ ಇರುತ್ತೆ.'

'ಜೋಡಿಸಿ ಕೊಡ್ತೀರಾ?'

'ಅದು ಸೋಫಾ ಸೀಟಿಂಗ್ ಸರ್, ಫಿಕ್ಸ್ ಆಗಿದೆ.'

ಪಕ್ಕಪಕ್ಕ ಎಂದರೆ ನಡುವೆ ಸಪ್ಲೈಯರ್ ಓಡಾಡುವ ದಾರಿ. ಆ ಕಡೆ ನಾಲ್ಕು, ಈ ಕಡೆ ನಾಲ್ಕು, ನಡುವೆ ಸೂಪಿನ ಟ್ರೇ. ನೀವು ಒಂದು ಗುಂಪಾಗಿ ಹೋಗಿ ಎರಡು ಗುಂಪಾಗಿ ಉಂಡು ಬರುತ್ತೀರಿ. ಬೇರೆ ಹೋಟೆಲ್ ನೋಡಿ. ದುಂಡು ಟೇಬಲ್ ಸಿಕ್ಕರೆ ಬಿಡಬೇಡಿ. ಉದ್ದದ ಟೇಬಲ್ ಆದರೆ ಹೆಚ್ಚು ಮಾತಾಡುವವರನ್ನು ಮಧ್ಯದಲ್ಲಿ ಕೂರಿಸಿ, ಮೂಲೆಗೆ ತಳ್ಳಬೇಡಿ.

ಅದೇ ಫೋನಿನಲ್ಲಿ ಇನ್ನಷ್ಟು ಕೇಳಿ. ಆ ರಾತ್ರಿ ಮ್ಯೂಸಿಕ್ ಅಥವಾ ಮ್ಯಾಚ್ ಸ್ಕ್ರೀನಿಂಗ್ ಇದೆಯಾ? ಟೇಬಲ್‌ಗೆ ಇಷ್ಟೇ ಹೊತ್ತು ಎಂಬ ಮಿತಿ ಇದೆಯಾ? ಕೊನೆಯ ಆರ್ಡರ್ ಎಷ್ಟಕ್ಕೆ? ಸೂಪು, ಬಿರಿಯಾನಿ ಬೈ-ಟೂ ಮಾಡಿಕೊಡುತ್ತೀರಾ? ಕೊನೆಯ ಪ್ರಶ್ನೆಗೆ ನಗಬೇಡಿ. ಕಾಫಿಯನ್ನೇ ಬೈ-ಟೂ ಕುಡಿಯುವ ಊರು ನಮ್ಮದು. ಅದಕ್ಕೆ ಬೇಸರಪಡುವ ಹೋಟೆಲ್ ಗುಂಪಿಗೆ ಹೊಂದುವುದಿಲ್ಲ. ಹುಟ್ಟುಹಬ್ಬವಿದ್ದರೆ ಕೇಕ್ ಒಳಗೆ ತರಬಹುದಾ ಅಂತಲೂ ಕೇಳಿಬಿಡಿ. ಬರುವವರ ಸಂಖ್ಯೆ ಬದಲಾದರೆ ಅದೇ ದಿನ ಮಧ್ಯಾಹ್ನ ತಿಳಿಸಿ, ಸುಮ್ನೆ ಕುರ್ಚಿ ಹಿಡಿದಿಡುವುದು ತಪ್ಪು.

ಬಿಲ್ ಬರುವ ಮೊದಲೇ ಬಿಲ್ಲಿನ ಮಾತು

ತಲೆಗೆ ಎಷ್ಟಾಗಬಹುದು ಎಂದು ಪೋಲ್ ಹಾಕುವಾಗಲೇ ಬರೆದುಬಿಡಿ. ಗುಂಪಿನಲ್ಲಿ ಒಬ್ಬರಿಗೆ ಕೆಲಸ ಹೋಗಿರಬಹುದು, ಒಬ್ಬರ ಮನೆ ಸಾಲ ಈಗಷ್ಟೇ ಶುರುವಾಗಿರಬಹುದು. ಕುಡಿಯುವವರ ಬಿಲ್ ಬೇರೆ, ಊಟದ ಬಿಲ್ ಬೇರೆ ಮಾಡಿಸಿ. ಇದನ್ನು ಆರ್ಡರ್ ಕೊಡುವಾಗಲೇ ಹೇಳಿ, ಕೊನೆಗೆ ಹೇಳಿದರೆ ಕ್ಯಾಷಿಯರ್ ಮುಖ ಸಿಂಡರಿಸುತ್ತಾರೆ. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ಅದರ ತೆರಿಗೆ ಬೇರೆ. ಹಾಗಾಗಿ ಬೇರೆ ಮಾಡಿದರೆ ಲೆಕ್ಕವೂ ಸುಲಭ.

ಸಾಮಾನ್ಯ ಹೋಟೆಲ್‌ಗಳಲ್ಲಿ ಊಟಕ್ಕೆ 5 ಪರ್ಸೆಂಟ್ ಜಿಎಸ್‌ಟಿ. ಊಟ 6,000 ರೂಪಾಯಿ ಆದರೆ ಒಟ್ಟು 6,300. ಅದರ ಮೇಲೆ 10 ಪರ್ಸೆಂಟ್ ಸರ್ವಿಸ್ ಚಾರ್ಜ್ ಹಾಕಿದರೆ 600 ರೂಪಾಯಿ ಸೇರಿ, ಆ 600ಕ್ಕೂ ತೆರಿಗೆ ಬಿದ್ದು 6,930 ಆಗುತ್ತದೆ. ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾನಾಗಿ ಸೇರಿಸುವ ಹಾಗಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಎಂದು ಮೆಲ್ಲಗೆ ಹೇಳಿದರೆ ಸಾಕು, ಬಹಳಷ್ಟು ಕಡೆ ತೆಗೆಯುತ್ತಾರೆ. ಒಪ್ಪದಿದ್ದರೆ 1915 ಗ್ರಾಹಕ ಸಹಾಯವಾಣಿ ಇದೆ. ಚೆನ್ನಾಗಿ ನೋಡಿಕೊಂಡ ಸಪ್ಲೈಯರ್ ಕೈಗೆ ನೇರವಾಗಿ ಟಿಪ್ಸ್ ಕೊಡಿ, ಅದರಲ್ಲಿ ಜಿಪುಣತನ ಬೇಡ.

ಇನ್ನೊಂದು ಸಣ್ಣ ಜಾಗದಲ್ಲಿ ದುಡ್ಡು ಸೋರುತ್ತದೆ. ಕೂತ ತಕ್ಷಣ 'ಬಾಟಲ್ ವಾಟರಾ, ರೆಗ್ಯುಲರ್ರಾ?' ಎಂಬ ಪ್ರಶ್ನೆ ಬರುತ್ತದೆ. ಎಲ್ಲರೂ ಮೆನುವಿನಲ್ಲಿ ಮುಳುಗಿರುವಾಗ ಯಾರೋ ತಲೆ ಆಡಿಸುತ್ತಾರೆ, ಒಂದರ ಮೇಲೊಂದು ಬಾಟಲಿ ಬಂದು ಕೂರುತ್ತದೆ. 'ರೆಗ್ಯುಲರ್' ಎಂದು ಜೋರಾಗಿ ಹೇಳುವ ಕೆಲಸವೂ ಹೋಟೆಲ್ ಆರಿಸಿದವರದ್ದೇ. ಬಿಲ್ಲನ್ನು ಒಬ್ಬರೇ ಕಟ್ಟಿ, ಯಾರ ಪಾಲು ಎಷ್ಟು ಎಂದು ಹೋಟೆಲಿನಲ್ಲಿ ಕೂತಿರುವಾಗಲೇ ಗುಂಪಿಗೆ ಹಾಕಿಬಿಡಿ. ಮೆಟ್ರೊ ಹತ್ತಿದ ಮೇಲೆ ಯುಪಿಐ ಮಾಡುವವರು ಕಡಿಮೆ.